ದುಮಾಗೆತೆಗೆ ಹೊರಟ ಧಾರವಾಡದ ಕುಟುಂಬ: ಮಿಷನರಿ ಸಿದ್ಧತೆಯ ಒಂದು ಪ್ರಕರಣ ಅಧ್ಯಯನ

ಪ್ರಕರಣ

ಧಾರವಾಡದ ಸಿಎಸ್‌ಐ (ದಕ್ಷಿಣ ಭಾರತದ ಐಕ್ಯ ಪ್ರಾಟೆಸ್ಟಂಟ್ ಚರ್ಚು) ಸಭೆಗೆ ಸೇರಿದ ನಾಲ್ಕು ಜನರ ಕುಟುಂಬ. ಗಂಡನಿಗೆ 39 ವರ್ಷ, ಸಂಡೇ ಸ್ಕೂಲ್ ಶಿಕ್ಷಕರನ್ನು ತಯಾರು ಮಾಡುವುದು ಅವರ ಕೆಲಸ. ಹೆಂಡತಿಗೆ 36, ವೃತ್ತಿಯಲ್ಲಿ ನರ್ಸ್. ಮಗಳಿಗೆ 11, ಮಗನಿಗೆ 6. ಫಿಲಿಪೀನ್ಸಿನ ನೆಗ್ರೋಸ್ ದ್ವೀಪದಲ್ಲಿ, ದುಮಾಗೆತೆ ನಗರದಿಂದ ಒಂದು ಗಂಟೆ ದೂರದ ಸಭೆಯೊಂದರ ಜೊತೆ ನಾಲ್ಕು ವರ್ಷ ಮಿಷನರಿಗಳಾಗಿ ಕೆಲಸ ಮಾಡಬೇಕು. ಹೊರಡಲು ಆರು ತಿಂಗಳಿದೆ. ಕುಟುಂಬವನ್ನು ಈ ಬರಹಕ್ಕಾಗಿ ಮಾದರಿಯಾಗಿ ಕಟ್ಟಿಕೊಂಡಿದ್ದೇವೆ. ಊರು, ಭಾಷೆ, ಕಾಯಿದೆ, ರೀತಿ ರಿವಾಜುಗಳೆಲ್ಲ ಅಲ್ಲಿ ಇರುವಂಥವೇ.

ಮೊದಲ ಎರಡು ತಿಂಗಳು ಈ ಕುಟುಂಬ ಮಾಡಿದ್ದು ಎಲ್ಲರೂ ಮಾಡುವುದನ್ನೇ. ಮೊಬೈಲ್ ಆ್ಯಪ್‌ನಲ್ಲಿ ಭಾಷೆ, ಯೂಟ್ಯೂಬ್‌ನಲ್ಲಿ ಬಿದಿರು ಗಳಗಳ ನಡುವೆ ಕುಣಿಯುವ ತಿನಿಕ್ಲಿಂಗ್ ನೃತ್ಯ, ಭಾನುವಾರ ಒಂದು ಫಿಲಿಪಿನೊ ಅಡುಗೆ, ಗೋಡೆಗೆ 7,641 ದ್ವೀಪಗಳ ಭೂಪಟ. ಮಕ್ಕಳಿಗೆ ಇದರಲ್ಲಿ ಖುಷಿಯಿತ್ತು, ಹಾಗಾಗಿ ಪೂರ್ತಿ ವ್ಯರ್ಥ ಎನ್ನಲಾಗದು. ಆದರೆ ಆ ಊರಿನಲ್ಲಿ ತಾವು ಯಾರಾಗಿ ಕಾಣಿಸುತ್ತೇವೆ, ಯಾರ ಕೈಕೆಳಗೆ ಇರುತ್ತೇವೆ ಎಂಬ ಪ್ರಶ್ನೆಯನ್ನು ಅವರು ಎತ್ತಿರಲೇ ಇಲ್ಲ. ಸಿದ್ಧತೆ ದಾರಿಗೆ ಬಂದದ್ದು ಆ ಪ್ರಶ್ನೆ ಎದ್ದ ಮೇಲೆ.

ಕಲಿತದ್ದು ಬೇರೆ ಭಾಷೆ

ಆ್ಯಪ್‌ನಲ್ಲಿ ಅವರು ಕಲಿಯುತ್ತಿದ್ದದ್ದು ತಗಾಲೋಗ್. ರಾಷ್ಟ್ರಭಾಷೆ ‘ಫಿಲಿಪಿನೊ’ ಅದರ ಮೇಲೆ ನಿಂತಿದೆ, ಮನಿಲಾದ ಟೀವಿಯೆಲ್ಲ ಅದರಲ್ಲೇ. ಆದರೆ ದುಮಾಗೆತೆ ಇರುವ ನೆಗ್ರೋಸ್ ಓರಿಯೆಂತಾಲ್ ಪ್ರಾಂತ್ಯದ ಮನೆಮಾತು ಸೆಬುವಾನೊ. ಜನ ಅದನ್ನು ಬಿಸಾಯ ಎನ್ನುತ್ತಾರೆ. ಅದೇ ದ್ವೀಪದ ಇನ್ನೊಂದು ಬದಿಯ ನೆಗ್ರೋಸ್ ಒಕ್ಸಿದೆಂತಾಲ್‌ನಲ್ಲಿ ಹಿಲಿಗೈನೊನ್ ನಡೆಯುತ್ತದೆ. ಇವು ಒಂದೇ ನುಡಿಯ ಹತ್ತು ಬಗೆಗಳಲ್ಲ, ಬೇರೆ ಬೇರೆ ಭಾಷೆಗಳು. ತಗಾಲೋಗ್ ಮಾತಾಡಿದರೆ ದುಮಾಗೆತೆಯ ಪೇಟೆಯಲ್ಲಿ ಅರ್ಥವಾಗುತ್ತದೆ, ಶಾಲೆಯಲ್ಲೂ ಕಲಿಸುತ್ತಾರೆ. ಆದರೂ ಅದು ರಾಜಧಾನಿಯ ಮಾತು. ಹಳ್ಳಿಯ ಅಡುಗೆಮನೆಯಲ್ಲಿ ಕೂತು ದುಃಖ ತೋಡಿಕೊಳ್ಳುವ ಮಾತು ಬಿಸಾಯ.

ಎರಡೂ ಭಾಷೆಗಳಲ್ಲಿ ಒಂದೇ ರೂಪದ ಪದಗಳು ಸಾಕಷ್ಟಿವೆ, ಅರ್ಥ ಮಾತ್ರ ಬೇರೆ. ಬಿಸಾಯದಲ್ಲಿ ‘ಲಿಬೊಗ್’ ಎಂದರೆ ಗೊಂದಲ, ತಗಾಲೋಗ್‌ನಲ್ಲಿ ಕಾಮ. ಪ್ರಸಂಗ (ಚರ್ಚಿನ ಉಪದೇಶ) ಮಾಡುವವರಿಗೆ ಇಷ್ಟು ಎಚ್ಚರಿಕೆ ಸಾಕು. ತಗಾಲೋಗ್‌ನಲ್ಲಿ ಗೌರವಕ್ಕೆ ವಾಕ್ಯದ ನಡುವೆ ‘ಪೊ’ ಸೇರಿಸುತ್ತಾರೆ, ಬಿಸಾಯದಲ್ಲಿ ಆ ಪದವಿಲ್ಲ. ಅಲ್ಲಿ ಗೌರವ ಕಾಣುವುದು ನೆಂಟಸ್ತಿಕೆಯ ಸಂಬೋಧನೆಯಲ್ಲಿ: ವಯಸ್ಸಿನಲ್ಲಿ ದೊಡ್ಡ ಗಂಡಸಿಗೆ ‘ನೊಂಗ್’, ಹೆಂಗಸಿಗೆ ‘ನಂಗ್’, ಚಿಕ್ಕ ಹುಡುಗನಿಗೆ ‘ದೊಂಗ್’, ಹುಡುಗಿಗೆ ‘ದೈ’. ಅಣ್ಣ, ಅಕ್ಕ, ತಮ್ಮ, ತಂಗಿ ಎನ್ನುತ್ತ ಬೆಳೆದವರಿಗೆ ಇದು ಒಂದೇ ದಿನದಲ್ಲಿ ಕೂಡುತ್ತದೆ. ಈ ಪದಗಳಿಲ್ಲದೆ ಬರೀ ಹೆಸರು ಹಿಡಿದು ದೊಡ್ಡವರನ್ನು ಕರೆಯುವುದು ಅಲ್ಲೂ ಉದ್ಧಟತನವೇ.

ಮೂರನೇ ತಿಂಗಳಲ್ಲಿ ಯೋಜನೆ ಬದಲಾಯಿತು. ಗಂಡ ಹೆಂಡತಿ ಬಿಸಾಯಕ್ಕೆ ದಿನಕ್ಕೆ 45 ನಿಮಿಷ, ವಾರಕ್ಕೆ ಆರು ದಿನ ಮೀಸಲಿಟ್ಟರು. ಮಕ್ಕಳಿಗೆ ಬಿಸಾಯದ ಹಾಡು, ಲೆಕ್ಕ, ಆಟದ ಮಾತು. ಮಗಳು ಮಾತ್ರ ತಗಾಲೋಗ್ ಕಲಿಕೆಯನ್ನೂ ಮುಂದುವರಿಸಿದಳು, ಏಕೆಂದರೆ ಶಾಲೆಯಲ್ಲಿ ‘ಫಿಲಿಪಿನೊ’ ಒಂದು ಕಡ್ಡಾಯ ವಿಷಯ. ಆರು ತಿಂಗಳಲ್ಲಿ ಎಷ್ಟು ಬಂದೀತು ಎಂಬ ಬಗ್ಗೆ ಭ್ರಮೆ ಬೇಡ. ಅಮೆರಿಕದ ವಿದೇಶಾಂಗ ಸೇವಾ ಸಂಸ್ಥೆ ಇಂಗ್ಲಿಷ್ ಮಾತೃಭಾಷೆಯವರು ತಗಾಲೋಗ್ ಕಲಿಯಲು ಸುಮಾರು 44 ವಾರಗಳ, 1,100 ತರಗತಿ ಗಂಟೆಗಳ ಲೆಕ್ಕ ಇಡುತ್ತದೆ. ಬಿಸಾಯವೂ ಅದೇ ಮನೆತನದ ಭಾಷೆ. ಕುಟುಂಬದ ಸಮಯ ಒಟ್ಟು ಕೂಡಿಸಿದರೆ 80 ಗಂಟೆ ದಾಟುವುದಿಲ್ಲ. ಅಷ್ಟರಲ್ಲಿ ಕುಶಲ ಪ್ರಶ್ನೆ, ಸಂತೆ, ಬಸ್ಸು, ಚಿಕ್ಕ ಪ್ರಾರ್ಥನೆ ಬಂದರೆ ಸಾಕು.

ಕನ್ನಡದವರು ಮೊದಲು ಎಡವುವುದು ಪದದ ಆರಂಭದ ಙಕಾರದಲ್ಲಿ. ‘ಏಕೆ’ ಎನ್ನಲು ‘ಙಾನೊ’. ನಮ್ಮ ವರ್ಣಮಾಲೆಯಲ್ಲಿ ಅಕ್ಷರವೇನೋ ಇದೆ, ಬಾಯಲ್ಲಿ ಮೊದಲಿಗೆ ಬರುವುದಿಲ್ಲ. ಮುಂದೆ ಒಂದು ಅಕಾರ ಸೇರಿಸಿ ‘ಅಙಾನೊ’ ಎಂದು ಇಪ್ಪತ್ತು ಸಲ ಹೇಳಿ, ಆಮೇಲೆ ಅಕಾರವನ್ನು ಬಾಯೊಳಗೇ ನುಂಗಿದರೆ ಸರಿಯಾಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದನ್ನು ನೋಡಿ ಟ, ಡ ಎಂದು ಓದುವ ಚಾಳಿಯೂ ಇದೆ. ಅಲ್ಲಿನ ಉಚ್ಚಾರ ತ, ದ.

ವ್ಯಾಕರಣದಲ್ಲಿ ಮಿಷನರಿಗೆ ಎಲ್ಲಕ್ಕಿಂತ ದುಬಾರಿಯಾಗುವುದು ‘ನಾವು’. ಬಿಸಾಯದಲ್ಲಿ ಎರಡು ‘ನಾವು’ಗಳಿವೆ: ಎದುರಿನವರನ್ನು ಬಿಟ್ಟು ಹೇಳುವ ‘ಕಮಿ’, ಸೇರಿಸಿ ಹೇಳುವ ‘ಕಿತ’. ಚಿಕ್ಕ ರೂಪ ‘ಮಿ’ ಮತ್ತು ‘ತ’. ‘ತಗಾ ಇಂಡಿಯಾ ಮಿ’, ನಾವು ಭಾರತದವರು (ನೀವಲ್ಲ). ‘ಕಾವೊನ್ ತ’, ಬನ್ನಿ, ಎಲ್ಲ ಸೇರಿ ಉಣ್ಣೋಣ. ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಶುರುವಾಗುವುದು ‘ಅಮಹಾನ್ ನಮೊ’ (ನಮ್ಮ ತಂದೆಯೇ) ಎಂದು, ಅಲ್ಲಿರುವುದು ಬಿಡುವ ‘ನಮ್ಮ’. ಮಾತಾಡುತ್ತಿರುವುದು ದೇವರ ಜೊತೆ, ಆ ‘ನಮ್ಮ’ದೊಳಗೆ ದೇವರು ಸೇರುವುದಿಲ್ಲ. ಅದೇ ರೂಪವನ್ನು ಪ್ರಸಂಗದಲ್ಲಿ ಸಭೆಯ ಎದುರು ಬಳಸಿ ‘ದೇವರು ನಮ್ಮನ್ನು ಪ್ರೀತಿಸುತ್ತಾನೆ’ ಎಂದರೆ, ಭಾರತದಿಂದ ಬಂದ ನಮ್ಮನ್ನು, ನಿಮ್ಮನ್ನಲ್ಲ ಎಂದಾಗುತ್ತದೆ. ತೆಲುಗು ತಮಿಳು ಬಲ್ಲವರಿಗೆ ಈ ವ್ಯತ್ಯಾಸ ಹೊಸದಲ್ಲ. ಬರೀ ಕನ್ನಡದವರು ಇದನ್ನು ವಾಕ್ಯ ವಾಕ್ಯ ಮಾಡಿಯೇ ರೂಢಿಸಿಕೊಳ್ಳಬೇಕು.

‘ನೋಡೋಣ’ ಎಂದ ನರ್ಸ್

ಮಾತು ರೂಢಿಯಾಗಲು ಮಾತಾಡುವವರು ಬೇಕು. ಕರ್ನಾಟಕದಲ್ಲಿ ಬಿಸಾಯ ಮಾತಾಡುವವರು ಸಿಗುವುದು ಕಷ್ಟ, ಕೊಲ್ಲಿ ದೇಶಗಳಲ್ಲಿ ಹಾಗಲ್ಲ. ಅಲ್ಲಿನ ಆಸ್ಪತ್ರೆ, ಹೋಟೆಲ್, ಅಂಗಡಿಗಳಲ್ಲಿ ಕನ್ನಡಿಗರೂ ಫಿಲಿಪಿನೊಗಳೂ ಅಕ್ಕಪಕ್ಕ ದುಡಿಯುತ್ತಾರೆ. ಗಂಡನ ತಂಗಿ ದುಬೈನಲ್ಲಿ ನರ್ಸ್, ಅವಳ ಸಹೋದ್ಯೋಗಿಯೊಬ್ಬಳು ಸೆಬು ದ್ವೀಪದವಳು. ಭಾನುವಾರ ಸಂಜೆ ಒಂದು ಗಂಟೆ ವಿಡಿಯೊದಲ್ಲಿ ಕಲಿಸುತ್ತೀಯಾ ಎಂದು ನೇರವಾಗಿ ಕೇಳಿದರು. ಅವಳು ನಗುತ್ತ ‘ಪ್ರಯತ್ನಿಸುತ್ತೇನೆ, ನೋಡೋಣ’ ಎಂದಳು. ಎರಡು ಭಾನುವಾರ ಕಾದರು, ಕರೆ ಬರಲಿಲ್ಲ. ಬೇಡ ಎನ್ನುವುದಿದ್ದರೆ ಹೇಳಬಹುದಿತ್ತಲ್ಲ ಎಂದು ಗಂಡನಿಗೆ ಬೇಸರ.

ಅವಳು ಹೇಳಿದ್ದಳು. ‘ಪ್ರಯತ್ನಿಸುತ್ತೇನೆ’ ಎಂಬುದೇ ಅಲ್ಲಿ ಬಹಳ ಸಲ ಆಗುವುದಿಲ್ಲ ಎನ್ನುವ ಬಗೆ. ಎದುರಿಗೇ ಇಲ್ಲ ಎಂದರೆ ಕೇಳಿದವರ ಮುಖ ಕೆಳಗಾಗುತ್ತದೆ, ಹೇಳಿದವರಿಗೂ ‘ಉಲಾವ್’, ಅಂದರೆ ನಾಚಿಕೆ ಮತ್ತು ಸಂಕೋಚ ಎರಡೂ ಸೇರಿದ್ದು. ತಗಾಲೋಗ್‌ನಲ್ಲಿ ಇದೇ ‘ಹಿಯಾ’. ದಾರಿ ಏನೆಂದರೆ ನಡುವೆ ಒಬ್ಬರನ್ನು ಇಟ್ಟುಕೊಳ್ಳುವುದು. ತಂಗಿ ಚಹಾದ ವೇಳೆ ಸುಮ್ಮನೆ ವಿಚಾರಿಸಿದಾಗ ತಿಳಿಯಿತು, ಅವಳಿಗೆ ಭಾನುವಾರ ರಾತ್ರಿ ಪಾಳಿ. ಬುಧವಾರ ಅರ್ಧ ಗಂಟೆಗೆ ಒಪ್ಪಿದಳು, ಮುಂದೆ ತಪ್ಪಿಸಲಿಲ್ಲ. ಊರಿಗೆ ಹೋದ ಮೇಲೂ ಇದೇ ಕ್ರಮ: ಕಷ್ಟದ ಮಾತು, ದೂರು, ಹಣದ ವಿಚಾರ, ಮದುವೆಯ ಪ್ರಸ್ತಾಪ ಯಾವುದೇ ಇರಲಿ, ಇಬ್ಬರಿಗೂ ಬೇಕಾದ ಮೂರನೆಯವರ ಮೂಲಕ.

1960ರ ದಶಕದಲ್ಲಿ ಮನಿಲಾದಲ್ಲಿ ಸಂಶೋಧನೆ ಮಾಡುತ್ತಿದ್ದ ಜೆಸ್ವಿಟ್ ಪಾದ್ರಿ ಫ್ರಾಂಕ್ ಲಿಂಚ್ ಇದನ್ನೆಲ್ಲ ‘ಜಗಳವಿಲ್ಲದ ನಯದ ಸಂಬಂಧ’ ಎಂಬ ಮೌಲ್ಯವಾಗಿ ವಿವರಿಸಿದರು. ಮಿಷನರಿ ತರಬೇತಿಗಳಲ್ಲಿ ಇಂದಿಗೂ ಅದನ್ನೇ ಗಿಳಿಪಾಠ ಒಪ್ಪಿಸುತ್ತಾರೆ. ಮನಶ್ಶಾಸ್ತ್ರಜ್ಞ ವಿರ್ಗಿಲಿಯೊ ಎನ್ರಿಕೆಸ್ ಅದನ್ನು ಮೇಲುಮೇಲಿನ ನೋಟವೆಂದು ಟೀಕಿಸಿ, ಎಲ್ಲಕ್ಕೂ ತಳದಲ್ಲಿರುವುದು ‘ಕಪ್ವ’ ಎಂದರು: ಎದುರಿಗಿರುವವನು ನನ್ನಿಂದ ಬೇರೆಯಲ್ಲ, ನನ್ನ ಜೊತೆಯವ ಎಂಬ ಅರಿವು. ಹೊರಡುವವರು ಎರಡನ್ನೂ ಓದಬೇಕು. ಲಿಂಚ್ ಅವರನ್ನು ಮಾತ್ರ ಓದಿದವರಿಗೆ ಫಿಲಿಪಿನೊಗಳು ಸತ್ಯ ಹೇಳದ ನಯಗಾರರಂತೆ ಕಾಣತೊಡಗುತ್ತಾರೆ. ಅದು ಅನ್ಯಾಯ.

ಮೈಭಾಷೆಯಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ‘ಹೌದು’ ಎನ್ನಲು ಹುಬ್ಬು ಎತ್ತುತ್ತಾರೆ, ಬಾಯಿ ತೆರೆಯುವುದಿಲ್ಲ. ಉತ್ತರ ಬರಲಿಲ್ಲವೆಂದು ನಮ್ಮವರು ಅದೇ ಪ್ರಶ್ನೆ ಮತ್ತೆ ಕೇಳುತ್ತಾರೆ. ದಿಕ್ಕು ತೋರಿಸುವುದು ತುಟಿ ಮುಂದೆ ಮಾಡಿ. ನಾವು ‘ಆಯ್ತು’ ಎಂದು ತಲೆಯನ್ನು ಅತ್ತಿತ್ತ ತೂಗುವುದು ಅವರಿಗೆ ‘ಇಲ್ಲ’ದಂತೆ ಕಾಣುತ್ತದೆ. ಗಂಡ ಹೆಂಡತಿ ಊಟದ ಹೊತ್ತಿನ ಮಾತನ್ನು ಮೊಬೈಲ್‌ನಲ್ಲಿ ಹತ್ತು ನಿಮಿಷ ಚಿತ್ರೀಕರಿಸಿ ನೋಡಿಕೊಂಡರು, ತೂಗಾಟ ಎಷ್ಟಿದೆ ಎಂಬುದು ಆಗಲೇ ಗೊತ್ತಾದದ್ದು. ಬಿಡುವುದು ಸುಲಭವಲ್ಲ. ತೂಗಿದರೂ ಬಾಯಲ್ಲಿ ‘ಓ-ಓ’ ಎಂದು ಹೇಳುವುದನ್ನು ರೂಢಿಸಿಕೊಂಡರೆ ಕೆಲಸ ನಡೆಯುತ್ತದೆ. ಒಂದೇ ಬೆರಳು ಮಡಿಸಿ ಯಾರನ್ನೂ ಕರೆಯಬಾರದು, ಅದು ಅವಮಾನ. ಅಂಗೈ ಕೆಳಗೆ ಮಾಡಿ ಕರೆಯಬೇಕು.

‘ಬುಂಬಾಯ್’

ಪಾಶ್ಚಾತ್ಯ ಮಿಷನರಿಗಳಿಗಾಗಿ ಬರೆದ ಕೈಪಿಡಿಗಳಲ್ಲಿ ಈ ಸಂಗತಿ ಇರುವುದಿಲ್ಲ. ಭಾರತದಿಂದ ಹೋಗುವವರಿಗೆ ಇದಕ್ಕಿಂತ ಮುಖ್ಯವಾದದ್ದು ಇಲ್ಲ.

ಫಿಲಿಪೀನ್ಸಿನಲ್ಲಿ ಭಾರತೀಯರನ್ನು ಕರೆಯುವುದು ‘ಬುಂಬಾಯ್’ ಎಂದು. ಮುಂಬಯಿಯ ಹಳೆಯ ಹೆಸರಿನಿಂದ ಬಂದದ್ದು. ಆ ಹೆಸರಿನ ಹಿಂದೆಯೇ ‘ಫೈವ್ ಸಿಕ್ಸ್’ ಬರುತ್ತದೆ: ಐದು ಪೆಸೊ ಕೊಟ್ಟು ಆರು ವಸೂಲಿ, ಅಂದರೆ ಶೇ 20 ಬಡ್ಡಿ. ಬ್ಯಾಂಕ್ ಹತ್ತಿರ ಸೇರಿಸದ ಸಂತೆಯ ಹೆಂಗಸರಿಗೆ, ಗೂಡಂಗಡಿಯವರಿಗೆ ಪತ್ರವಿಲ್ಲದೆ, ಅಡವಿಲ್ಲದೆ ಸಾಲ ಸಿಗುವುದು ಇಲ್ಲಿಯೇ. ಈ ವ್ಯವಹಾರದಲ್ಲಿರುವ ಭಾರತೀಯರು ಹೆಚ್ಚಾಗಿ ಪಂಜಾಬಿಗಳು. ಮೋಟಾರ್‌ಸೈಕಲ್ ಮೇಲೆ, ಹೆಗಲಿಗೆ ಚೀಲ, ದಿನಾ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮನೆಮನೆಗೆ ಬಂದು ಕಂತು ಎತ್ತುತ್ತಾರೆ. ಹಟ ಮಾಡುವ ಮಕ್ಕಳಿಗೆ ‘ಬುಂಬಾಯ್ ಚೀಲದಲ್ಲಿ ಹಾಕಿಕೊಂಡು ಹೋಗುತ್ತಾನೆ’ ಎಂದು ಹೆದರಿಸುವುದೂ ಉಂಟು.

ಕುಟುಂಬದ ಮೊದಲ ಯೋಜನೆಯಲ್ಲಿ ಏನಿತ್ತು? ಹಳೆಯ ಮೋಟಾರ್‌ಸೈಕಲ್ ಕೊಳ್ಳುವುದು, ಬೈಬಲ್ ಮತ್ತು ಕರಪತ್ರದ ಚೀಲ ಹಿಡಿದು ದಿನಾ ಸಂಜೆ ಮನೆ ಭೇಟಿ. ಧಾರವಾಡದಲ್ಲಿ ಅದು ಒಳ್ಳೆಯ ಕ್ರಮವೇ. ನೆಗ್ರೋಸಿನ ಹಳ್ಳಿಯಲ್ಲಿ ಮೊದಲ ದಿನವೇ ಬಾಗಿಲು ಮುಚ್ಚಿಕೊಳ್ಳುತ್ತದೆ, ಅಥವಾ ಒಳ್ಳೆಯ ದರಕ್ಕೆ ಸಾಲ ಸಿಗುತ್ತದೋ ಎಂದು ತೆರೆದುಕೊಳ್ಳುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು.

ಹಾಗಾಗಿ ಮೂರು ನಿರ್ಧಾರ. ಮೊದಲ ಆರು ತಿಂಗಳು ಸ್ಥಳೀಯ ಸಭೆಯ ಹಿರಿಯರೊಬ್ಬರ ಜೊತೆಗಲ್ಲದೆ ಯಾರ ಮನೆಗೂ ಹೋಗುವುದಿಲ್ಲ, ಹೋದರೆ ನಡೆದು ಅಥವಾ ಬಾಡಿಗೆಯ ಮೂರು ಚಕ್ರದ ತ್ರೈಸಿಕಲ್‌ನಲ್ಲಿ, ಸಾಧ್ಯವಾದಷ್ಟು ಗಂಡ ಹೆಂಡತಿ ಇಬ್ಬರೂ. ಎರಡನೆಯದಾಗಿ, ಸಾಲ ಕೊಡುವುದೇ ಇಲ್ಲ, ಬಡ್ಡಿಯಿಲ್ಲದೆಯೂ ಇಲ್ಲ, ನೂರು ಪೆಸೊ ಆದರೂ ಇಲ್ಲ. ಸಾಲ ಕೊಟ್ಟ ಭಾರತೀಯ ಆ ಊರಿನ ಲೆಕ್ಕದಲ್ಲಿ ಬುಂಬಾಯ್ ಆಗಿಬಿಡುತ್ತಾನೆ, ಮರುಪಾವತಿ ಕೇಳದಿದ್ದರೂ ಸಾಲಗಾರ ಸಂಕೋಚದಿಂದ ಸಭೆಗೇ ಬರುವುದು ಬಿಡುತ್ತಾನೆ. ಕೊಡುವುದಾದರೆ ದಾನವಾಗಿ, ಸಣ್ಣ ಮೊತ್ತ, ಸಭೆಯ ಆಡಳಿತ ಮಂಡಳಿಯ ಕೈಯಿಂದ. ಇದಕ್ಕಾಗಿ ತಿಂಗಳ ಖರ್ಚಿನಲ್ಲಿ ಹತ್ತನೇ ಒಂದು ಭಾಗ ಬದಿಗಿಟ್ಟರು. ‘ಪಲುವಾಗನ್’ ಎಂಬ ಚೀಟಿ ವ್ಯವಹಾರಕ್ಕೆ ಕರೆದರೂ ಮೊದಲ ವರ್ಷ ಸೇರಬಾರದು. ಸೇರಿದರೆ ಚೀಟಿ ಎತ್ತಿದವರು ಕಂತು ತಪ್ಪಿಸಿದಾಗ ನಡುವೆ ಸಿಕ್ಕಿಬೀಳುತ್ತಾರೆ.

ಮೂರನೆಯದು ಮಕ್ಕಳದ್ದು. ಶಾಲೆಯಲ್ಲಿ ‘ಬುಂಬಾಯ್’ ಎಂದು ಕರೆಯುತ್ತಾರೆ ಎಂಬುದನ್ನು ಮುಂಚೆಯೇ ಹೇಳಿ, ಕಥೆಯೆಲ್ಲ ತಿಳಿಸಿ, ಉತ್ತರವನ್ನೂ ಕಲಿಸಿದರು: ‘ತಗಾ ಇಂಡಿಯಾ ಕೊ’, ನಾನು ಭಾರತದವಳು. ಹೇಳಿ ನಗಬೇಕು, ಸಿಟ್ಟಾಗಬಾರದು. ಭಾರತೀಯರ ಮೈ ವಾಸನೆಯ ಬಗ್ಗೆಯೂ ಅಲ್ಲಿ ಕುಚೋದ್ಯವಿದೆ. ಅನ್ಯಾಯ ಎಂದು ವಾದಿಸುವುದಕ್ಕಿಂತ ಎರಡು ಹೊತ್ತು ಸ್ನಾನ ಮಾಡುವುದು ಮೇಲು. ಆ ಸೆಕೆಗೆ ಅಲ್ಲಿನವರೂ ಮಾಡುತ್ತಾರೆ.

ಯಾರ ಮನೆಗೆ ಸುವಾರ್ತೆ?

1521ರ ಏಪ್ರಿಲ್‌ನಲ್ಲಿ ಸ್ಪೇನಿನ ಪರವಾಗಿ ಬಂದ ನಾವಿಕ ಮೆಗೆಲ್ಲನ್ ಸೆಬುವಿನಲ್ಲಿ ರಾಜ ಹುಮಾಬೊನ್‌ಗೂ ರಾಣಿಗೂ ದೀಕ್ಷಾಸ್ನಾನ ಮಾಡಿಸಿದ. ರಾಣಿಗೆ ಬಾಲಯೇಸುವಿನ ಪ್ರತಿಮೆ ಕೊಟ್ಟ. ಎರಡು ವಾರದಲ್ಲೇ ಪಕ್ಕದ ದ್ವೀಪ ಮಕ್ತಾನ್‌ನಲ್ಲಿ ಅಲ್ಲಿನ ನಾಯಕ ಲಾಪುಲಾಪುವಿನ ಜನರ ಕೈಯಲ್ಲಿ ಸತ್ತ. 1565ರಲ್ಲಿ ಸ್ಪೇನಿನವರು ಮತ್ತೆ ಬಂದಾಗ ಸಿಕ್ಕಿದ್ದೆಂದು ಹೇಳುವ ಆ ಪ್ರತಿಮೆಯೇ ಇಂದಿನ ಸಾಂತೊ ನಿನ್ಯೊ. ಜನವರಿಯ ಮೂರನೇ ಭಾನುವಾರ ಸೆಬು ನಗರದಲ್ಲಿ ನಡೆಯುವ ಸಿನುಲೊಗ್ ಅದರ ಹಬ್ಬ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅಂದರೆ ಧಾರವಾಡದ ಈ ಕುಟುಂಬದ ಕ್ರೈಸ್ತ ಪರಂಪರೆಗಿಂತ ಅವರು ಹೋಗುವ ದೇಶದ್ದು ಮುನ್ನೂರು ವರ್ಷ ಹಳೆಯದು. 2020ರ ಜನಗಣತಿಯಲ್ಲಿ ಅಲ್ಲಿನ ಶೇ 79ರಷ್ಟು ಜನ ಕ್ಯಾಥೊಲಿಕರು.

ಪ್ರಾಟೆಸ್ಟಂಟರೂ ಹೊಸಬರಲ್ಲ. 1898ರ ನಂತರ ಅಮೆರಿಕದ ಆಳ್ವಿಕೆಯ ಬೆನ್ನಿಗೇ ಬಂದ ಮಿಷನ್ನುಗಳು 1901ರಲ್ಲಿ ಪ್ರದೇಶ ಹಂಚಿಕೊಂಡವು. ದುಮಾಗೆತೆಯ ಸಿಲಿಮನ್ ಶಾಲೆಯನ್ನು ಪ್ರೆಸ್ಬಿಟೇರಿಯನರು ತೆರೆದದ್ದು ಅದೇ ವರ್ಷದ ಆಗಸ್ಟ್ 28ರಂದು, ಇಂದು ಅದು ವಿಶ್ವವಿದ್ಯಾಲಯ. 1948ರಲ್ಲಿ ಹಲವು ಸಭೆಗಳು ಕೂಡಿ ಯುಸಿಸಿಪಿ ಎಂಬ ಐಕ್ಯ ಸಭೆಯಾಯಿತು. ನಮ್ಮ ಸಿಎಸ್‌ಐ ಆದದ್ದು 1947ರಲ್ಲಿ. ಈ ಕುಟುಂಬ ಹೋಗುತ್ತಿರುವುದು ಯುಸಿಸಿಪಿ ಸಭೆಗೆ, ಹಾಗಾಗಿ ಐಕ್ಯ ಸಭೆಯ ಒಳಗಿನ ರಾಜಿ, ತಕರಾರು ಎಲ್ಲ ಅವರಿಗೆ ಪರಿಚಿತವೇ.

ಇನ್ನೊಂದು ನೆನಪೂ ಆ ದೇಶದಲ್ಲಿ ಗಟ್ಟಿಯಾಗಿದೆ. ಸ್ಪೇನಿನ ಪಾದ್ರಿಗಳ ದರ್ಬಾರನ್ನು ಬಯಲಿಗೆಳೆದ ಹೊಸೆ ರಿಸಾಲ್‌ಗೆ 1896ರ ಡಿಸೆಂಬರ್ 30ರಂದು ಗುಂಡಿಕ್ಕಿದರು. ಅವರ ಕಾದಂಬರಿಗಳನ್ನು ವಿದ್ಯಾರ್ಥಿಗಳು ಓದಲೇಬೇಕೆಂದು 1956ರಲ್ಲಿ ಕಾಯಿದೆಯೇ ಬಂತು. ವಿದೇಶದಿಂದ ಬಂದ ಧರ್ಮಬೋಧಕ ಎಂದರೆ ಏನು ಎಂಬುದು ಅಲ್ಲಿನ ಪ್ರತಿ ವಿದ್ಯಾವಂತನಿಗೂ ಪಾಠವಾಗಿಯೇ ಗೊತ್ತು. ಫಿಲಿಪಿನೊ ಸಭೆಗಳು ತಾವೇ ಹೊರದೇಶಗಳಿಗೆ ಮಿಷನರಿಗಳನ್ನು ಕಳಿಸುತ್ತವೆ. ನರ್ಸುಗಳನ್ನಂತೂ ಜಗತ್ತಿಗೇ ಕಳಿಸುತ್ತಾರೆ. ಈ ದಂಪತಿ ಇಲ್ಲದೆ ಅಲ್ಲಿ ಯಾವ ಕೆಲಸ ನಿಂತಿದೆ ಎಂದು ಕೇಳಿಕೊಂಡರೆ ಉತ್ತರ ಚಿಕ್ಕದಾಗುತ್ತದೆ, ಚಿಕ್ಕದಾದಷ್ಟೂ ಒಳ್ಳೆಯದು. ಅಲ್ಲಿನ ಸಭೆ ಕೇಳಿದ್ದು ಸಂಡೇ ಸ್ಕೂಲ್ ಶಿಕ್ಷಕರ ತರಬೇತಿ ಒಂದನ್ನೇ. ಯೋಜನಾಪತ್ರದಲ್ಲಿದ್ದ ‘ಹೊಸ ಸಭೆಗಳ ಸ್ಥಾಪನೆ’ ಎಂಬ ಸಾಲನ್ನು ನಾಲ್ಕನೇ ತಿಂಗಳಲ್ಲಿ ಹೊಡೆದುಹಾಕಿದರು.

ಪ್ರತಿಮೆ, ಮೆರವಣಿಗೆ ಕಂಡರೆ ಮುಖ ಸಿಂಡರಿಸುವ ಅಭ್ಯಾಸ ಪ್ರಾಟೆಸ್ಟಂಟ್ ಮನೆಗಳಲ್ಲಿ ಇರುತ್ತದೆ, ಮಕ್ಕಳ ಬಾಯಲ್ಲಿ ಅದು ಜೋರಾಗಿಯೇ ಹೊರಬೀಳುತ್ತದೆ. ಕುಟುಂಬ ಬೆಂಗಳೂರಿಗೆ ಬಂದಾಗ ಒಂದು ಗುರುವಾರ ವಿವೇಕನಗರದ ಬಾಲಯೇಸು ದೇವಾಲಯದಲ್ಲಿ ಎರಡು ಗಂಟೆ ಕೂತು ನೋಡಿತು: ಯಾರು ಬರುತ್ತಾರೆ, ಏನು ಹರಕೆ, ಹೇಗೆ ಅಳುತ್ತಾರೆ. ಸಾಂತೊ ನಿನ್ಯೊ ಭಕ್ತಿಯನ್ನು ಅರಿಯಲು ಇದಕ್ಕಿಂತ ಹತ್ತಿರದ ಜಾಗವಿಲ್ಲ. ನವೆಂಬರ್ 25 ದುಮಾಗೆತೆಯ ಪೋಷಕಿ ಸಂತ ಕ್ಯಾಥರೀನಳ ಫಿಯೆಸ್ತಾ (ಊರಹಬ್ಬ), ಅಂದು ಮನೆಗಳ ಬಾಗಿಲು ತೆರೆದೇ ಇರುತ್ತದೆ, ಕರೆದವರ ಮನೆಯಲ್ಲೆಲ್ಲ ಸ್ವಲ್ಪವಾದರೂ ಉಣ್ಣಬೇಕು. ಮೆರವಣಿಗೆಗೆ ಸೇರದೆ ಊಟಕ್ಕೆ ಹೋಗುವುದು ನಮ್ಮ ಮಟ್ಟಿಗೆ ಸರಿಯಾದ ನಿಲುವು. ಎರಡನ್ನೂ ನಿರಾಕರಿಸಿದರೆ ನೆರೆಹೊರೆಯನ್ನೇ ನಿರಾಕರಿಸಿದಂತೆ.

ಹಬ್ಬಕ್ಕಿಂತ ಸಾವಿನ ಮನೆ ಮುಖ್ಯ. ಶವವನ್ನು ಮನೆಯಲ್ಲೋ ಸಭಾಂಗಣದಲ್ಲೋ ಕೆಲವು ದಿನ, ದೂರದ ಮಕ್ಕಳು ಬರುವವರೆಗೂ ಇಡುತ್ತಾರೆ. ಬಿಸಾಯದಲ್ಲಿ ಇದು ‘ಹಾಯ’. ರಾತ್ರಿಯಿಡೀ ಯಾರಾದರೂ ಎಚ್ಚರವಿರಬೇಕು. ಕಾಫಿ, ಬಿಸ್ಕತ್ತು, ಇಸ್ಪೀಟು ನಡೆಯುತ್ತದೆ. ಇಸ್ಪೀಟಿನಲ್ಲಿ ಗೆದ್ದ ಹಣದ ಒಂದು ಪಾಲು ಸತ್ತವರ ಮನೆಗೆ ಹೋಗುತ್ತದೆ. ಅಲ್ಲಿ ಜೂಜು ಪಾಪ ಎಂದು ಉಪದೇಶ ಮಾಡಿದ ಮಿಷನರಿಯ ಕಥೆ ಅಲ್ಲಿಗೇ ಮುಗಿಯಿತು. ಹೋಗಬೇಕು, ಲಕೋಟೆಯಲ್ಲಿ ಕೈಲಾದಷ್ಟು ಹಣ ಕೊಡಬೇಕು, ಎರಡು ಗಂಟೆ ಕೂರಬೇಕು.

ಅಡುಗೆಮನೆ

ಇದು ಸುಲಭದ ಭಾಗ, ಆದರೂ ಒಂದು ಎಡವಟ್ಟು ಎಲ್ಲ ಭಾರತೀಯ ಮನೆಗಳಲ್ಲೂ ಆಗುತ್ತದೆ: ಅದೊಬೊ (ಹುಳಿಯಲ್ಲಿ ಬೇಯಿಸುವ ಮಾಂಸ) ಮಾಡಲು ಹೋಗಿ ಸಾರು ಮಾಡುವುದು. ಒಂದು ಕಿಲೊ ಕೋಳಿಗೆ ಅರ್ಧ ಕಪ್ ವಿನೆಗರ್, ಅರ್ಧ ಕಪ್‌ಗಿಂತ ಸ್ವಲ್ಪ ಕಡಿಮೆ ಸೋಯಾ ಸಾಸ್, ಒಂದು ಇಡೀ ಗಡ್ಡೆ ಬೆಳ್ಳುಳ್ಳಿ ಜಜ್ಜಿದ್ದು, ಒಂದು ಚಮಚ ಇಡೀ ಕರಿಮೆಣಸು, ಮೂರು ಪಲಾವ್ ಎಲೆ, ಒಂದು ಕಪ್ ನೀರು. ಎಲ್ಲ ಒಟ್ಟಿಗೆ ಹಾಕಿ ಕುದಿ ಬರುವವರೆಗೂ ಮುಚ್ಚಳ ಮುಚ್ಚಬಾರದು, ಕೈಯಾಡಿಸಬಾರದು. ವಿನೆಗರಿನ ಘಾಟು ಹಾರಿಹೋಗಲು ಬಿಡಬೇಕು, ಇಲ್ಲದಿದ್ದರೆ ಹಸಿ ಹುಳಿ ಮಾಂಸಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಸಣ್ಣ ಉರಿಯಲ್ಲಿ 35ರಿಂದ 40 ನಿಮಿಷ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಲೋಹದ ರುಚಿ ಬಿಡುತ್ತದೆ. ಶುಂಠಿ, ಅರಿಸಿನ, ಖಾರದ ಪುಡಿ ಬಿದ್ದರೆ ಅದು ಈ ಅದೊಬೊ ಅಲ್ಲ. ಉಪ್ಪು ಕೊನೆಯಲ್ಲಿ ನೋಡಿ ಹಾಕುವುದು, ಸೋಯಾದಲ್ಲೇ ಬೇಕಾದಷ್ಟು ಇರುತ್ತದೆ. ಬಿಸಾಯ ಕಡೆಯ ವಿನೆಗರ್ ತೆಂಗಿನ ಕಳ್ಳಿನದು, ಗೋವಾದ ಕಳ್ಳಿನ ವಿನೆಗರ್ ಅದಕ್ಕೆ ತೀರ ಹತ್ತಿರ.

ಖಾರವಿಲ್ಲದ ಊಟ ದೊಡ್ಡವರಿಗೆ ಕಷ್ಟ, ಮಕ್ಕಳಿಗೆ ಅಲ್ಲ. ನುಗ್ಗೆಸೊಪ್ಪು ಅಲ್ಲಿ ‘ಕಮುಂಗ್ಗಾಯ್’, ತರಕಾರಿ ತಿಳಿಸಾರು ‘ಊತನ್’ನಲ್ಲಿ ಅದೇ ಮುಖ್ಯ. ಸಮುದ್ರದಿಂದ ದೂರ ಬೆಳೆದ ಧಾರವಾಡದವರಿಗೆ ಒಣಮೀನು ‘ಬುಲಾದ್’ ಹುರಿಯುವ ವಾಸನೆ ಮತ್ತು ‘ಗಿನಾಮೊಸ್’ ಎಂಬ ಕೊಳೆಸಿದ ಮೀನಿನ ಗೊಜ್ಜು ಹೊಸದು. ಒಣಮೀನನ್ನು ಹೊರಡುವ ಮೊದಲೇ ವಾರಕ್ಕೊಮ್ಮೆ ಮನೆಯಲ್ಲಿ ಹುರಿಯುವುದು ಒಳ್ಳೆಯದು. ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕ್ ಹಿಡಿದು ಉಣ್ಣುತ್ತಾರೆ. ಬಾಳೆಲೆ ಹಾಸಿ ಕೈಯಲ್ಲಿ ಉಣ್ಣುವ ಸಂದರ್ಭವೂ ಇದೆ, ಮನೆಯವರು ಶುರು ಮಾಡಿದ ಮೇಲೆ ನಾವು. ‘ಕಾವೊನ್ ತ’ ಎಂದು ಊಟದ ಮುಂದೆ ಕೂತವರು ದಾರಿಹೋಕರನ್ನೂ ಕರೆಯುತ್ತಾರೆ. ಮೊದಲ ಕರೆಗೆ ‘ಸಲಾಮತ್’ ಎಂದು ನಕ್ಕು ಮುಂದೆ ಹೋಗಬೇಕು, ಎರಡನೇ ಮೂರನೇ ಸಲ ಒತ್ತಾಯಿಸಿದರೆ ಕೂರಬೇಕು.

ಕಾಗದ ಪತ್ರ ಮತ್ತು ಹತ್ತು ದಿನದ ಭೇಟಿ

ನಾಲ್ಕನೇ ತಿಂಗಳ ಕೊನೆಗೆ ಹತ್ತು ದಿನ ನೋಡಿಬರಲು ಹೋದರು. 2025ರ ಜೂನ್‌ನಿಂದ ಭಾರತೀಯರು ಪ್ರವಾಸಕ್ಕೆ 14 ದಿನ ವೀಸಾ ಇಲ್ಲದೆ ಹೋಗಬಹುದು, ಆದರೆ ಅದನ್ನು ವಿಸ್ತರಿಸಲು ಬರುವುದಿಲ್ಲ. ಸಿಂಗಾಪುರದಿಂದ ಸೆಬುಗೆ ವಿಮಾನ, ಅಲ್ಲಿಂದ ಬಸ್ಸು, ಲಿಲೊವಾನ್‌ನಿಂದ ಸಿಬುಲಾನ್‌ಗೆ ದೋಣಿ. ಪ್ರವಾಸಿಯಾಗಿ ಬಂದವರು ಪ್ರಸಂಗ ಮಾಡಬಾರದು. ‘ಎರಡು ಮಾತು’ ಎಂದು ಸಭಾಪಾಲಕರು ಕರೆದಾಗ ಎದ್ದು ‘ಮಾಯೊಂಗ್ ಬುಂತಗ್’ ಎಂದು ವಂದಿಸಿ ಕೂತರು. ಸಭೆಗೆ ಅಷ್ಟೇ ಇಷ್ಟವಾಯಿತು.

ಕೆಲಸಕ್ಕೆ ಬೇಕಾದದ್ದು 9(ಜಿ) ವರ್ಗದ ಮಿಷನರಿ ವೀಸಾ. ಅರ್ಜಿಯ ಹಿಂದೆ ಅಲ್ಲಿ ನೋಂದಾಯಿತ ಧಾರ್ಮಿಕ ಸಂಸ್ಥೆ ಇರಲೇಬೇಕು. ಮದುವೆ ಮತ್ತು ಮಕ್ಕಳ ಜನನ ಪ್ರಮಾಣಪತ್ರ, ಪೊಲೀಸ್ ಪ್ರಮಾಣಪತ್ರ, ಪದವಿ ಪತ್ರಗಳಿಗೆ ಅಪೋಸ್ಟಿಲ್, ಅಂದರೆ ಒಪ್ಪಂದಕ್ಕೆ ಸೇರಿದ ದೇಶಗಳಲ್ಲೆಲ್ಲ ದಾಖಲೆಯನ್ನು ಮಾನ್ಯ ಮಾಡುವ ಮುದ್ರೆ ಹಾಕಿಸಬೇಕು. ಭಾರತ ಆ ಒಪ್ಪಂದದಲ್ಲಿ 2005ರಿಂದಲೂ ಫಿಲಿಪೀನ್ಸ್ 2019ರಿಂದಲೂ ಇವೆ. ಕೆಲಸ ನಿಲ್ಲುವುದು ಹೆಸರಿನಲ್ಲಿ: ಆಧಾರ್‌ನಲ್ಲಿ ಒಂದು, ಚರ್ಚಿನ ಮದುವೆ ದಾಖಲೆಯಲ್ಲಿ ಇನ್ನೊಂದು, ಪಾಸ್‌ಪೋರ್ಟ್‌ನಲ್ಲಿ ಇನಿಶಿಯಲ್ ಬಿಡಿಸಿದ ಮೂರನೆಯದು. ಫಿಲಿಪಿನೊ ಅರ್ಜಿಗಳಲ್ಲಿ ಮಧ್ಯದ ಹೆಸರು ಎಂದರೆ ತಾಯಿಯ ತವರಿನ ಕುಲನಾಮ. ಅಲ್ಲಿ ತಂದೆಯ ಹೆಸರು ಬರೆದರೆ ಮುಂದೆ ಪ್ರತಿ ಕಾಗದದಲ್ಲೂ ಅದು ಕಾಡುತ್ತದೆ.

ಹೆಂಡತಿಯ ನರ್ಸಿಂಗ್ ಅಲ್ಲಿ ನಡೆಯುವುದಿಲ್ಲ. ಪರವಾನಗಿ ಇಲ್ಲದೆ ಸೂಜಿ ಚುಚ್ಚುವುದು, ಔಷಧಿ ಕೊಡುವುದು ಕಾನೂನುಬಾಹಿರ, ವಿದೇಶಿಯರಿಗೆ ಪರವಾನಗಿ ಸುಲಭವಲ್ಲ. ಸಭೆಯ ಹೆಂಗಸರ ಜೊತೆ ಆರೋಗ್ಯದ ಮಾತುಕತೆಗೆ ಮಾತ್ರ ಅವಕಾಶ. ಇದು ಗೊತ್ತಾದದ್ದು ಭೇಟಿಯ ಆರನೇ ದಿನ, ಆ ದಿನ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಹೊರಡುವ ಮೊದಲೇ ವಿಚಾರಿಸಬಹುದಾಗಿದ್ದ ಸಂಗತಿ.

ಸಾಮಾನು ಕಟ್ಟುವಾಗ ತಿಳಿದಿರಬೇಕಾದದ್ದು ಕಡಿಮೆ. ಪ್ಲಗ್ ಎರಡು ಚಪ್ಪಟೆ ಕಡ್ಡಿಯದು, ನಮ್ಮ ದುಂಡು ಪಿನ್ ಹೋಗುವುದಿಲ್ಲ. ವಿದ್ಯುತ್ 220 ವೋಲ್ಟ್, 60 ಹರ್ಟ್ಸ್. ಉಡುಗೊರೆಗೆ ಗೋಡಂಬಿಯ ಸಣ್ಣ ಮುಚ್ಚಿದ ಪೊಟ್ಟಣಗಳು, ಲೆಕ್ಕಕ್ಕಿಂತ ಹತ್ತು ಹೆಚ್ಚು. ಕೊಟ್ಟ ಉಡುಗೊರೆಯನ್ನು ಕೊಟ್ಟವರ ಎದುರು ಬಿಚ್ಚುವುದಿಲ್ಲ, ಇಷ್ಟವಾಗಲಿಲ್ಲವೇನೋ ಎಂದು ತಪ್ಪು ತಿಳಿಯಬಾರದು. ಬಯಲುಸೀಮೆಯವರು ಕಾಣದ ಮೂರು ಸಂಗತಿಗಳಿಗೆ ಮಾತ್ರ ಬೇರೆಯೇ ಚೀಲ ಬೇಕು: ಚಂಡಮಾರುತ, ಭೂಕಂಪ ಮತ್ತು ಜ್ವಾಲಾಮುಖಿ. 2021ರ ಡಿಸೆಂಬರ್ 16ರಂದು ಅಪ್ಪಳಿಸಿದ ಒದೆತ್ ಚಂಡಮಾರುತ ಈ ಭಾಗವನ್ನೆಲ್ಲ ಹೊಡೆದುಹಾಕಿತ್ತು, ನೆಗ್ರೋಸಿನ ಕನ್ಲಾವೊನ್ ಜ್ವಾಲಾಮುಖಿ 2024ರ ಜೂನ್‌ನಲ್ಲೂ ಡಿಸೆಂಬರ್‌ನಲ್ಲೂ ಸಿಡಿಯಿತು. ತಲೆಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕದಲ್ಲಿ ಮೂರು ದಿನದ ನೀರು, ಒಣ ತಿಂಡಿ, ಟಾರ್ಚ್, ಮುಖಗವಸು, ಪ್ಲಾಸ್ಟಿಕ್ಕಿನಲ್ಲಿ ಕಾಗದ ಪತ್ರ, ಚಿಲ್ಲರೆ ಪೆಸೊ. ನೀರು ಅಲ್ಲೇ ತುಂಬಿಡುವುದು, ಉಳಿದದ್ದು ಇಲ್ಲಿಂದಲೇ.

ಆರನೇ ತಿಂಗಳ ಕೊನೆಗೆ ಇತ್ಯರ್ಥವಾಗದೆ ಉಳಿದದ್ದು ಮಗಳ ಓದು. ಅಲ್ಲಿನ ಶಾಲಾ ವರ್ಷ ಈಗ ಮತ್ತೆ ಜೂನ್‌ಗೆ ಬಂದಿರುವುದರಿಂದ ಸೇರಿಸುವುದು ಸುಲಭ. ಆದರೆ ನಾಲ್ಕು ವರ್ಷ ಕಳೆದು ಮರಳುವಾಗ ಅವಳಿಗೆ 15, ಹತ್ತನೇ ತರಗತಿಯ ಹೊಸ್ತಿಲು. ಹತ್ತನೆಯದರ ನಡುವೆ ಬಂದು ಕರ್ನಾಟಕದ ಶಾಲೆ ಸೇರುವುದು ಎಲ್ಲಕ್ಕಿಂತ ತೊಡಕಿನ ದಾರಿ, ಕನ್ನಡದ ಪ್ರಶ್ನೆಪತ್ರಿಕೆಯೂ ಎದುರಿಗಿರುತ್ತದೆ. ಒಂಬತ್ತಕ್ಕೇ ಮರಳಿ ಅಜ್ಜಿಯ ಮನೆಯಲ್ಲಿದ್ದು ಓದುವುದು ಒಂದು, ಅಲ್ಲೇ ಹನ್ನೆರಡು ಮುಗಿಸಿ ಭಾರತೀಯ ವಿಶ್ವವಿದ್ಯಾಲಯಗಳ ಸಂಘದಿಂದ ಸಮಾನತೆ ಪಡೆಯುವುದು ಇನ್ನೊಂದು. ಎರಡನೆಯದಕ್ಕೆ ಕುಟುಂಬ ನಾಲ್ಕರ ಬದಲು ಏಳು ವರ್ಷ ನಿಲ್ಲಬೇಕು. ಸದ್ಯಕ್ಕೆ ಎರಡನೇ ವರ್ಷದ ಕೊನೆಗೆ ನಿರ್ಧರಿಸುವುದೆಂದು ಬರೆದಿಟ್ಟಿದ್ದಾರೆ. ಅಲ್ಲಿಯವರೆಗೆ ದಿನಕ್ಕೆ ಇಪ್ಪತ್ತು ನಿಮಿಷ ಕನ್ನಡ ಓದು, ಭಾನುವಾರ ಅಜ್ಜಿಗೆ ಕನ್ನಡದಲ್ಲೇ ಒಂದು ಕಾಗದ.